ಅಕ್ಕನ ಅಂಗಳದ ಲಾರಿ

ಪರದೆಯ ಮೇಲೆ ಅಕ್ಕ ಕೆಂಪಗೆ ಕಂಡ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಕನ್ನಡಕ ತೆಗೆದು ಒರೆಸಿದ್ದು. ಒರೆಸಿ ಹಾಕಿಕೊಂಡು ನೋಡಿದೆ, ಕೆಂಪೇ. ಪರದೆಯನ್ನೂ ಒರೆಸಿದೆ. ಆಗಲೂ ಕೆಂಪೇ. ಸುತ್ತಲಿನ ಚುಕ್ಕೆಗಳೆಲ್ಲ ಹಸಿರು, ನಡುವೆ ನಮ್ಮ ಅಕ್ಕನೊಬ್ಬಳು ಕೆಂಪು.

ಅಕ್ಕ ಎಂದರೆ ಅಕ್ಕನ ಡಬ್ಬದ ಕಾರ್ಖಾನೆ. ನಮ್ಮ ಕಂಪನಿ ಶಾಂಪೂ ಮಾಡುತ್ತದೆ. ಮುಚ್ಚಳ, ಲೇಬಲ್, ತುಂಬಿ ಕಳಿಸುವ ರಟ್ಟಿನ ಡಬ್ಬ, ಇವೆಲ್ಲ ಹೊರಗಿನ ಸಣ್ಣಪುಟ್ಟವರಿಂದ ಬರುತ್ತವೆ. ಬಂದವೋ ಇಲ್ಲವೋ, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಫೋನಿನಲ್ಲಿ ಕೂಗಾಡುವುದು ನನ್ನ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದರಿಂದ ಕೆಲಸ ಚೆನ್ನಾಗಿ ಒಗ್ಗಿತ್ತು. ಅಕ್ಕ ನಾನು ಸೇರುವುದಕ್ಕೆ ಮೊದಲಿನಿಂದಲೂ ಈ ಕಂಪನಿಗೆ ಡಬ್ಬ ಕೊಡುತ್ತಿದ್ದವಳು. ಭಾವ ತೀರಿಕೊಂಡ ಮೇಲೂ ಒಬ್ಬಳೇ ನಡೆಸಿಕೊಂಡು ಬಂದಳು. ಅವಳ ಡಬ್ಬ ಕೊಳ್ಳುವವರು ನಾವು ಬಿಟ್ಟರೆ ಬೇರೆ ಯಾರೂ ಇಲ್ಲ.

ಪರದೆಯ ಮೇಲಿನ ಈ ಡ್ಯಾಶ್‌ಬೋರ್ಡ್ ಬಂದದ್ದು ನಮ್ಮ ಶಾಂಪೂ ಕೊಳ್ಳುವ ದೊಡ್ಡ ಅಂಗಡಿಗಳವರ ದೆಸೆಯಿಂದ. ಒಂದು ಬಾಟಲಿ ಶಾಂಪೂ ತಲೆಗೆ ಬೀಳುವ ಹೊತ್ತಿಗೆ ಗಾಳಿಗೆ ಎಷ್ಟು ಇಂಗಾಲ ಸೇರಿರುತ್ತದೆ, ಅದರಲ್ಲಿ ಯಾರ ಪಾಲೆಷ್ಟು, ಲೆಕ್ಕ ಕೊಡಿ ಎಂದು ಅವರು ಪಟ್ಟು ಹಿಡಿದರು. ಲೆಕ್ಕ ತೋರಿಸಲು, ಮಿತಿಯೊಳಗಿದ್ದವರಿಗೆ ಹಸಿರು ಚುಕ್ಕೆ, ಮೀರಿದವರಿಗೆ ಕೆಂಪು ಚುಕ್ಕೆ ಹಾಕುವ ಒಂದು ಬೋರ್ಡು, ಬೋರ್ಡು ಕಲಿಸಲು ಒಬ್ಬ ಕನ್ಸಲ್ಟೆಂಟ್ ಬಂದರು. ಕೈಯಲ್ಲಿ ಸಣ್ಣ ಕೋಲು ಹಿಡಿದು ಪರದೆಯನ್ನು ತೋರಿಸುತ್ತಿದ್ದರಿಂದ ಅವರಿಗೆ ಮೇಷ್ಟ್ರು ಎಂದು ಹೆಸರು ಬಿತ್ತು. ಎಲ್ಲರೂ ಹೂಂ ಹೂಂ ಎಂದು ಗೋಣು ಆಡಿಸಿದೆವು. ನನಗಂತೂ ತಲೆಬುಡ ತಿಳಿಯಲಿಲ್ಲ. ಆದರೆ ಪಕ್ಕದವರೆಲ್ಲ ಅಷ್ಟು ಗಂಭೀರವಾಗಿ ಗೋಣು ಆಡಿಸುವಾಗ ನಾನೊಬ್ಬಳು ಕೈ ಎತ್ತುವುದು ಹೇಗೆ? ಕೊನೆಗೆ ಮ್ಯಾನೇಜರ್ ನನ್ನ ಕಡೆ ಕೈ ತೋರಿಸಿ, ಬೋರ್ಡು ನೋಡಿಕೊಳ್ಳುವ ಜವಾಬ್ದಾರಿ ಇವರದು ಎಂದುಬಿಟ್ಟರು. ಎಲ್ಲರಿಗಿಂತ ಜೋರಾಗಿ ಗೋಣು ಆಡಿಸಿದ್ದು ನಾನೇ ಇರಬೇಕು.

"ಈ ಸಲ ಕೆಂಪಗಿರೋರಿಗೆ ಎಚ್ಚರಿಕೆ ಕೊಡಿ. ಮುಂದಿನ ಮೂರು ತಿಂಗಳ ಲೆಕ್ಕದಲ್ಲೂ ಕೆಂಪಗೇ ಇದ್ರೆ ಆರ್ಡರ್ ಬಂದ್" ಎಂದು ಮ್ಯಾನೇಜರ್ ಹೇಳಿದರು. ಕೆಂಪಗಿದ್ದದ್ದು ಒಬ್ಬಳೇ.

ಆ ಸಂಜೆ ನೇರವಾಗಿ ಅಕ್ಕನ ಶೆಡ್ಡಿಗೆ ಹೋದೆ. ತಗಡಿನ ಚಾವಣಿ, ಕಂದು ಕಾಗದದ ಸುರುಳಿಗಳು, ರಟ್ಟಿಗೆ ಮಡಿಕೆಯ ಗೆರೆ ಒತ್ತುವ ಹಳೆಯ ಯಂತ್ರ, ಅಂಟು ಬಿಸಿ ಮಾಡುವ ಪುಟ್ಟ ಒಲೆ. ಮೇಲೆ ಒಂದೇ ಒಂದು ಫ್ಯಾನು, ಅದೂ ಟಕ್ ಟಕ್ ಎನ್ನುತ್ತ ತಿರುಗುವಂಥದ್ದು. ಅಕ್ಕ ಇಬ್ಬರು ಹೆಂಗಸರ ಜೊತೆ ಕೂತು ಡಬ್ಬ ಮಡಚುತ್ತಿದ್ದಳು. ವಿಷಯ ಹೇಳಿದೆ.

"ಅಯ್ಯೋ, ನಾನೇನೇ ಮಾಡ್ದೆ?" ಎಂದಳು ಅಕ್ಕ. ಕೈಯಲ್ಲಿದ್ದ ಡಬ್ಬ ಅರ್ಧ ಮಡಚಿದಂತೆಯೇ ನಿಂತಿತ್ತು. "ಹೊಗೆ ಎಲ್ಲಿದೆ ತೋರ್ಸು? ಇಲ್ಲಿ ಒಂದು ಊದುಬತ್ತಿನೂ ಹಚ್ಚಲ್ಲ ನಾನು, ರಟ್ಟಿಗೆ ಬೆಂಕಿ ಬಿದ್ದೀತು ಅಂತ."

"ಹೊಗೆ ಕಣ್ಣಿಗೆ ಕಾಣ್ಬೇಕು ಅಂತೇನಿಲ್ಲ ಅಕ್ಕ."

"ಕಾಣ್ದೇ ಇರೋ ಹೊಗೇನ ಅವರು ಹೇಗೆ ನೋಡಿದ್ರು?"

ಈ ಪ್ರಶ್ನೆ ನನ್ನಲ್ಲೂ ಇತ್ತು. ಆದರೆ ಬೋರ್ಡಿನ ಜವಾಬ್ದಾರಿ ಹೊತ್ತವಳು ಗೊತ್ತಿಲ್ಲ ಎಂದರೆ ಮರ್ಯಾದೆ ಏನಾಯಿತು? ದೊಡ್ಡ ತಿಳಿದವಳ ಹಾಗೆ ಒಳಗೆಲ್ಲ ಒಂದು ಸುತ್ತು ಹಾಕಿದೆ. "ಕರೆಂಟು ಜಾಸ್ತಿ ಸುಡ್ತಿದೀಯ ಅನ್ಸುತ್ತೆ" ಎಂದೆ.

ಅಕ್ಕ ಕತ್ತೆತ್ತಿ ಫ್ಯಾನು ನೋಡಿದಳು. "ಅದಾ?"

"ಅದೂ ಇರ್ಬಹುದು."

ಅಕ್ಕ ಎದ್ದು ಹೋಗಿ ಫ್ಯಾನಿನ ಸ್ವಿಚ್ ಆರಿಸಿದಳು. ಟಕ್ ಟಕ್ ಸದ್ದು ನಿಂತಿತು.

ಬೇಸಿಗೆ ಆಗ ತಾನೇ ಶುರುವಾಗಿತ್ತು. ಅಕ್ಕ ಹಟದವಳು, ಒಮ್ಮೆ ಹಿಡಿದರೆ ಬಿಡುವವಳಲ್ಲ. ಫ್ಯಾನು ಹೋಯಿತು. ಹಗಲು ಹೊತ್ತಿನ ದೀಪ ಹೋಯಿತು. ಅಂಟಿನ ಒಲೆ ದಿನಕ್ಕೆ ಒಂದೇ ಸಲ ಹೊತ್ತಿಸಲು ತೊಡಗಿದಳು, ಗಟ್ಟಿಯಾದ ಅಂಟನ್ನು ಕಡ್ಡಿಯಿಂದ ಕೆರೆದು ಕೆರೆದು ಹಚ್ಚುತ್ತಿದ್ದರು. ಅವಳ ಜೊತೆಯ ಹೆಂಗಸರು ಗೊಣಗಿದರು. ಅವರಿಬ್ಬರನ್ನು ಬಾಗಿಲ ಬಳಿ ಗಾಳಿಗೆ ಕೂರಿಸಿ, ತಾನು ಒಳಗೆ ತಗಡಿನ ಕೆಳಗೆ ಕೂತಳು. ನಾನು ಹೋದಾಗೆಲ್ಲ ಒದ್ದೆ ಬಟ್ಟೆ ಕತ್ತಿಗೆ ಸುತ್ತಿಕೊಂಡು, ಬೆವರು ರಟ್ಟಿನ ಮೇಲೆ ಬೀಳದಂತೆ ಕೈ ಚಾಚಿ ಕೆಲಸ ಮಾಡುತ್ತಿರುತ್ತಿದ್ದಳು. ಒಂದು ಮಧ್ಯಾಹ್ನ ತಲೆ ಸುತ್ತಿ ಸುರುಳಿಯ ಮೇಲೆ ಕೂತುಬಿಟ್ಟಳಂತೆ. ಅದನ್ನು ನನಗೆ ಹೇಳಿದ್ದು ಅವಳಲ್ಲ, ಆ ಹೆಂಗಸರು.

"ಈಗ ಹೇಗಿದೀನಿ ಬೋರ್ಡಲ್ಲಿ?" ಎಂದು ದಿನಾ ಫೋನು ಮಾಡಿ ಕೇಳುತ್ತಿದ್ದಳು.

ನಾನು ಏನೆಂದು ಹೇಳಲಿ? ಅಕ್ಕನ ಚುಕ್ಕೆ ಮೊದಲಿಗಿಂತ ಕಡುಗೆಂಪಾಗಿತ್ತು. ಫ್ಯಾನು ಆರಿಸಿದರೆ ಕೆಂಪು ಹೆಚ್ಚಾಗುವುದು ಎಂದರೆ ಏನರ್ಥ? ತಲೆ ಕೆಟ್ಟು ಹೋಯಿತು. "ಸ್ವಲ್ಪ ಪರವಾಗಿಲ್ಲ ಅಕ್ಕ" ಎನ್ನುತ್ತಿದ್ದೆ.

ನಿಜ ಗೊತ್ತಾದದ್ದು ನನ್ನ ಬುದ್ಧಿವಂತಿಕೆಯಿಂದಲ್ಲ, ಮೊಣಕೈಯಿಂದ. ಊಟದ ಡಬ್ಬಿ ಮುಚ್ಚುವಾಗ ಮೊಣಕೈ ಮೌಸಿನ ಮೇಲೆ ಬಿದ್ದು, ಯಾವುದೋ ಗುಂಡಿ ಒತ್ತಿಹೋಗಿ, ಚುಕ್ಕೆಗಳ ಹಿಂದಿನಿಂದ ಊರಿನ ನಕ್ಷೆ ಎದ್ದು ಬಂತು. ಅಯ್ಯೋ, ಏನೋ ಕೆಡಿಸಿದೆನಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ನಕ್ಷೆಯ ಮೇಲೆ ಒಂದು ದಪ್ಪ ಕೆಂಪು ಗೆರೆ. ಅಕ್ಕನ ಶೆಡ್ಡಿನಿಂದ ಹೊರಟು ಹಳೇ ಮಾರುಕಟ್ಟೆಯ ಹಿಂದಿನ ಲೇಬಲ್ ಪ್ರೆಸ್ಸಿಗೆ ಹೋಗಿ, ಅಲ್ಲಿಂದ ರೈಲ್ವೆ ಗೇಟು ದಾಟಿ ಮುಚ್ಚಳ ಮಾಡುವಲ್ಲಿಗೆ ಹೋಗಿ, ಊರೆಲ್ಲ ಸುತ್ತಿ ನಮ್ಮ ಕಂಪನಿಗೆ ಬರುತ್ತಿತ್ತು. ಲೇಬಲ್ಲಿಗೂ ಮುಚ್ಚಳಕ್ಕೂ ಅವುಗಳದೇ ಗೆರೆ ಇರಲಿಲ್ಲ. ಅವು ತಾವಾಗಿಯೇ ನಡೆದು ಬರುತ್ತವೆ ಎಂದು ಬೋರ್ಡು ತಿಳಿದುಕೊಂಡಂತಿತ್ತು.

ಆ ಗೆರೆ ಯಾವುದೆಂದು ನನಗೆ ಗೊತ್ತಿತ್ತು. ಅದು ನಿಧಾನಣ್ಣನ ಲಾರಿ.

ನಿಧಾನಣ್ಣ ಎಂದರೆ ಅಕ್ಕನ ಡಬ್ಬ ಸಾಗಿಸುವ ಡ್ರೈವರು. ಅವನಿಗಿಂತ ಮುಂದೆ ಸೈಕಲ್ಲುಗಳು ಹೋಗುತ್ತಿದ್ದುದರಿಂದ ಆ ಹೆಸರು. ಲಾರಿ ನಿಲ್ಲಿಸಲು ಜಾಗವಿಲ್ಲದೆ ಪರದಾಡುತ್ತಿದ್ದವನಿಗೆ ಅಕ್ಕ ತನ್ನ ಅಂಗಳ ಬಿಟ್ಟುಕೊಟ್ಟಿದ್ದಳು. ಬೆಳಿಗ್ಗೆ ಅಲ್ಲೇ ಡಬ್ಬ ಹೇರುವುದು. ಡಬ್ಬ ಎಷ್ಟಿದ್ದರೂ ಹಗುರ, ಮಡಚಿಟ್ಟರೆ ಅರ್ಧ ಲಾರಿ ಖಾಲಿ. ಖಾಲಿ ಯಾಕೆ ಹೋಗಬೇಕು ಎಂದು ಅಕ್ಕ ಮುಚ್ಚಳದಣ್ಣನ ಮೂಟೆಗಳನ್ನೂ ಹಾಕಿಕೊಂಡು ಹೋಗಲು ಹೇಳಿದಳು. ಈ ಬೇಸಿಗೆಯಲ್ಲಿ ಲೇಬಲ್ ಮಾಮನ ಹಳೇ ಟೆಂಪೊ ಕೈಕೊಟ್ಟಿತು, ಅವರ ಸುರುಳಿಗಳೂ ಹತ್ತಿದವು. ಬೆಳಗಾದರೆ ಅಂಗಳದಲ್ಲಿ ಇವರೆಲ್ಲ ಸೇರಿ ಚಹಾ ಕುಡಿದು, ನಿಧಾನಣ್ಣನ ಕಾಲೆಳೆದು, ಆಮೇಲೆ ಅವರವರ ಕೆಲಸಕ್ಕೆ ಹೋಗುವುದು. ಲಾರಿಯ ಪತ್ತೆ ಹಿಡಿಯುವ ಕಪ್ಪು ಪೆಟ್ಟಿಗೆಯನ್ನು ಕಂಪನಿಯೇ ಅದಕ್ಕೆ ಸಿಕ್ಕಿಸಿತ್ತು. ಬೆಳಿಗ್ಗೆ ಯಾರ ಅಂಗಳದಿಂದ ಹೊರಟಿತೋ ಆ ದಿನದ ಹೊಗೆಯೆಲ್ಲ ಅವರ ತಲೆಗೆ.

ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರನ್ನು ಹುಡುಕಿಕೊಂಡು ಹೋದೆ.

"ಹೌದು ಮೇಡಂ, ಲಾರಿ ಹೊರಡೋ ಜಾಗವೇ ಮಾಲೀಕ ಅಂತ ಬೋರ್ಡು ತಗೊಳ್ಳುತ್ತೆ" ಎಂದರು ಅವರು, ತಣ್ಣಗೆ.

"ಮೂರು ಜನರ ಮಾಲು ಇದೆಯಲ್ಲ ಸಾರ್ ಅದರಲ್ಲಿ?"

"ಅದು ಬೋರ್ಡಿಗೆ ಕಾಣಲ್ಲ. ನಿಯಮ ಬದಲಾಯಿಸ್ಬೇಕು ಅಂದ್ರೆ ಮುಂದಿನ ವರ್ಷ ಹೊಸ ಆವೃತ್ತಿ ಬರ್ಬೇಕು."

ಮ್ಯಾನೇಜರ್ ಹತ್ತಿರ ಹೋದೆ. ನಕ್ಷೆ ತೋರಿಸಿ, ಗೆರೆ ತೋರಿಸಿ, ಗಂಟಲು ಒಣಗುವ ತನಕ ವಿವರಿಸಿದೆ. ಅವರು ಎಲ್ಲ ಕೇಳಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಡಬ್ಬದವರು ನಿಮ್ಮ ಅಕ್ಕ ಅಲ್ವಾ?"

"ಹೌದು ಸಾರ್. ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ನೋಡಮ್ಮ, ಬೇರೆ ಯಾರಾದ್ರೂ ಈ ಮಾತು ಹೇಳಿದ್ರೆ ಯೋಚ್ನೆ ಮಾಡ್ಬಹುದಿತ್ತು. ಹೋದ ಸಲದ ವರದಿ ಬೇರೆ ಅಂಗಡಿಯವರಿಗೆ ಹೋಗಿಬಿಟ್ಟಿದೆ. ಈಗ ಲೆಕ್ಕ ತಪ್ಪು ಅಂದ್ರೆ ನಗೋರ ಮುಂದೆ ಎಡವಿ ಬಿದ್ದ ಹಾಗಾಗುತ್ತೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಳು ಬಂತು, ಸಿಟ್ಟಿನ ಅಳು. ಅದರ ಜೊತೆಗೇ ಒಂದು ಅನುಮಾನವೂ ಹೊಕ್ಕಿತು. ಕೆಂಪಗಿದ್ದದ್ದು ಅಕ್ಕನಲ್ಲದೆ ಯಾರೋ ಆಗಿದ್ದರೆ ನಾನು ಆ ಗೆರೆಯನ್ನು ಅಷ್ಟು ಹೊತ್ತು ನೋಡುತ್ತಿದ್ದೆನೇ? ಹಾಗಾದರೆ ನಾನು ನೋಡಿದ್ದು ಸರಿಯೋ ಅಲ್ಲವೋ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಅಕ್ಕನಿಗೆ ಲಾರಿಯ ವಿಷಯ ಇದ್ದ ಹಾಗೆ ಹೇಳಿದೆ, ಫ್ಯಾನಿನ ಮಾತು ಮಾತ್ರ ಎತ್ತಲಿಲ್ಲ. ಅವಳು ಒಂದೇ ಮಾತು ಕೇಳಿದಳು. "ಅವರ ಮಾಲು ಹಾಕ್ಕೊಳ್ಳದಿದ್ರೆ ನಾನು ಹಸಿರಾಗ್ತೀನಾ?"

"ಆಗ್ತೀಯ ಅನ್ಸುತ್ತೆ."

"ಅನ್ಸುತ್ತೋ, ಆಗ್ತೀನೋ?"

"ಆಗ್ತೀಯ ಅಕ್ಕ."

ಮರುದಿನ ಬೆಳಿಗ್ಗೆ ಅವಳೇ ಅಂಗಳದಲ್ಲಿ ನಿಂತು ಇಬ್ಬರಿಗೂ ಹೇಳಿದಳಂತೆ. ಲೇಬಲ್ ಮಾಮ ವಯಸ್ಸಾದವರು, "ನಿನ್ನ ಕಷ್ಟ ನಿನಗಮ್ಮ" ಎಂದು ಚಹಾ ಮುಗಿಸಿ ಎದ್ದರು. ಮುಚ್ಚಳದಣ್ಣ ಅರ್ಧ ಚಹಾ ಇದ್ದ ಲೋಟ ಕೆಳಗಿಟ್ಟು ಹೋದ. ಭಾವ ಆಸ್ಪತ್ರೆಯಲ್ಲಿದ್ದಾಗ ಅಕ್ಕನ ಜೊತೆ ಕಾವಲು ಕೂತಿದ್ದವನು ಅವನು.

ಕೆಲವು ವಾರದಲ್ಲಿ ಅವರಿಬ್ಬರೂ ಒಂದೊಂದು ಟೆಂಪೊ ಹೊಂದಿಸಿಕೊಂಡರು. ಅವುಗಳಿಗೂ ಕಪ್ಪು ಪೆಟ್ಟಿಗೆ ಬಂತು. ನಿಧಾನಣ್ಣ ಅರ್ಧ ಖಾಲಿ ಲಾರಿಯಲ್ಲಿ ಡಬ್ಬ ಮಾತ್ರ ಹೇರಿಕೊಂಡು ನೆಟ್ಟಗೆ ನಮ್ಮ ಕಂಪನಿಗೆ ಬರತೊಡಗಿದ. ಅಕ್ಕನ ಚುಕ್ಕೆ ತಿಳಿಗೆಂಪಾಗಿ, ಹಳದಿಯಾಗಿ, ಮೂರು ತಿಂಗಳ ಲೆಕ್ಕ ಮುಗಿಯುವ ಹೊತ್ತಿಗೆ ಹಸಿರಾಯಿತು. ಉಳಿದವರೂ ತಮ್ಮ ತಮ್ಮ ಮಿತಿಯೊಳಗೇ ಇದ್ದುದರಿಂದ ಹಸಿರು. ಪರದೆಯ ತುಂಬ ಹಸಿರೋ ಹಸಿರು.

ಮ್ಯಾನೇಜರ್ ಕೇಕ್ ತರಿಸಿದರು. ಮೇಷ್ಟ್ರು ಕೋಲಿನಿಂದ ಒಂದೊಂದೇ ಚುಕ್ಕೆ ಮುಟ್ಟಿ ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಕ್ಕನ ಆರ್ಡರ್ ಉಳಿಯಿತಲ್ಲ, ಅಷ್ಟು ಸಾಕು ಎಂದು ಕೇಕ್ ಬಾಯಿಗಿಡುವಾಗ ಪರದೆಯ ಕೆಳಮೂಲೆಯಲ್ಲಿ ಬೂದು ಬಣ್ಣದ ಒಂದು ಸಂಖ್ಯೆ ಕಂಡಿತು. ಪಕ್ಕದಲ್ಲಿ "ಒಟ್ಟು" ಎಂದಿತ್ತು. ಹೋದ ಸಲಕ್ಕಿಂತ ಅದು ಹೆಚ್ಚಾಗಿತ್ತು.

"ಸಾರ್, ಎಲ್ಲರೂ ಕಮ್ಮಿ ಮಾಡಿದ್ರೆ ಒಟ್ಟು ಹೇಗೆ ಜಾಸ್ತಿ ಆಯ್ತು?" ಎಂದು ಮೇಷ್ಟ್ರನ್ನು ಮೆಲ್ಲಗೆ ಕೇಳಿದೆ.

ಅವರು ಬಗ್ಗಿ ನೋಡಿದರು. "ಹೌದಲ್ಲ" ಎಂದರು. "ಅದಕ್ಕೆ ಬಣ್ಣ ಇಲ್ವಲ್ಲ ಮೇಡಂ, ಯಾರೂ ಗಮನಿಸಿಲ್ಲ. ಒಟ್ಟು ಸಂಖ್ಯೆಗೂ ಬಣ್ಣ ಹಾಕಿ ಅಂತ ನಿಮ್ಮೋರು ಕೇಳಿರ್ಲಿಲ್ಲ."

ಮೊದಲು ಒಂದು ಲಾರಿ ಓಡುತ್ತಿತ್ತು, ಈಗ ಮೂರು ಗಾಡಿ ಓಡುತ್ತಿವೆ. ಇಷ್ಟು ತಿಳಿಯಲು ಬೋರ್ಡು ಯಾಕೆ ಬೇಕು, ರಸ್ತೆಯಲ್ಲಿ ನಿಂತರೆ ಸಾಲದೇ? ಕೇಕ್ ತಟ್ಟೆಯಲ್ಲೇ ಇಟ್ಟೆ. ಅಕ್ಕನಿಗೆ ಹಸಿರೆಂದು ಹೇಳಲು ಫೋನು ಮಾಡಿದರೆ ಅವಳ ಧ್ವನಿಯಲ್ಲೂ ಖುಷಿ ಇರಲಿಲ್ಲ.

"ಹೌದಾ. ಒಳ್ಳೇದಾಯ್ತು ಬಿಡು" ಎಂದಳು. ಆಮೇಲೆ, "ಬೆಳಿಗ್ಗೆ ಚಹಾ ಮಾಡೋಕೇ ಬೇಜಾರು ಕಣೇ. ಒಬ್ಬಳಿಗೆ ಎಷ್ಟು ಅಂತ ನೀರಿಡೋದು?" ಎಂದಳು.

ಮುಂದಿನ ವಾರ ಒಂದು ಬೆಳಿಗ್ಗೆ ನಾನು ಅಕ್ಕನ ಮನೆಯಿಂದ ನಿಧಾನಣ್ಣನ ಲಾರಿಯಲ್ಲೇ ಕೆಲಸಕ್ಕೆ ಹೊರಟೆ. ಹೊಸ ಮಾದರಿಯ ಡಬ್ಬ ತೋರಿಸಬೇಕೆಂದು ಅಕ್ಕನೂ ಹತ್ತಿದಳು. ಮುಖ್ಯ ರಸ್ತೆ ಸೇರುವಲ್ಲಿ ಮುಚ್ಚಳದಣ್ಣನ ಟೆಂಪೊ ಬಾನೆಟ್ ತೆರೆದುಕೊಂಡು ನಿಂತಿತ್ತು. ಮೂಟೆಗಳನ್ನು ರಸ್ತೆಯ ಪಕ್ಕಕ್ಕೆ ಇಳಿಸಿಕೊಂಡು ಅವನು ಅವುಗಳ ಮೇಲೇ ಕೂತಿದ್ದ. ಮುಚ್ಚಳ ಹೋಗದಿದ್ದರೆ ಮಧ್ಯಾಹ್ನಕ್ಕೆ ನಮ್ಮ ಬಾಟಲಿ ತುಂಬುವ ಸಾಲು ನಿಲ್ಲುತ್ತದೆ, ಆಗ ಅವನಿಗೆ ಫೋನು ಮಾಡಿ ಕೂಗಾಡುವವಳು ನಾನೇ. ಅವನು ನಮ್ಮನ್ನು ನೋಡಿದ. ಕೈ ಅಡ್ಡ ಮಾಡಲಿಲ್ಲ, ಮುಖ ತಿರುಗಿಸಿದ.

ನಿಧಾನಣ್ಣ ಲಾರಿಯನ್ನು ಇನ್ನೂ ನಿಧಾನ ಮಾಡಿ ಅಕ್ಕನನ್ನು ನೋಡಿದ. ಅಕ್ಕ ನನ್ನನ್ನು ನೋಡಿದಳು.

"ಹಾಕ್ಕೊಂಡ್ರೆ ಕೆಂಪಾಗ್ತೀನಾ?" ಎಂದಳು.

ಆ ಪ್ರಶ್ನೆ ಕೇಳುವಾಗಿನ ಅವಳ ಮುಖ ನೋಡಿ ನನಗೆ ನಾಚಿಕೆಯಾಯಿತು. ಯಾರನ್ನೂ ಏನನ್ನೂ ಕೇಳದೆ ಅಂಗಳ ಬಿಟ್ಟುಕೊಟ್ಟವಳು ಈಗ ದಾರಿಯಲ್ಲಿ ಕೂತವನನ್ನು ಹತ್ತಿಸಿಕೊಳ್ಳಲು ನನ್ನ ಅಪ್ಪಣೆ ಕೇಳುತ್ತಿದ್ದಳು. ನನಗೆ ಬಂದ ಸಿಟ್ಟಿಗೆ ಮಿತಿಯೇ ಇರಲಿಲ್ಲ.

"ನಿಲ್ಸಣ್ಣ ಗಾಡಿ" ಎಂದೆ. "ಹಾಕ್ಕೋ ಎಲ್ಲ ಮೂಟೆ. ಲೇಬಲ್ ಮಾಮಂಗೂ ಫೋನ್ ಮಾಡು, ಅವರದ್ದೂ ಹಾಕ್ಕೊಂಡು ಹೋಗೋಣ. ಮತ್ತೆ ಇವತ್ತಿಂದ ರಾತ್ರಿ ಲಾರಿನ ಅಕ್ಕನ ಅಂಗಳದಲ್ಲಿ ನಿಲ್ಲಿಸ್ಬೇಡ."

"ಮತ್ತೆಲ್ಲಿ ನಿಲ್ಲಿಸ್ಲಿ ತಾಯಿ, ನಿಮ್ಮ ತಲೆ ಮೇಲಾ?"

"ನಮ್ಮ ಕಂಪನಿ ಗೇಟಿನ ಒಳಗೆ. ಬೆಳಿಗ್ಗೆ ಅಲ್ಲಿಂದಲೇ ಹೊರಡು. ಖಾಲಿ ಬಂದು, ಎಲ್ಲರ ಮಾಲು ತುಂಬ್ಕೊಂಡು ವಾಪಸ್ ಹೋಗು."

ಮುಚ್ಚಳದಣ್ಣ ಮೂಟೆ ಎತ್ತಿಕೊಡುವಾಗ ಅಕ್ಕನ ಕಡೆ ನೋಡಲಿಲ್ಲ. ಆದರೆ ಅವಳ ಪಕ್ಕದಲ್ಲೇ ಒತ್ತಿಕೊಂಡು ಕೂತ, ಬೇರೆ ಜಾಗವೂ ಇರಲಿಲ್ಲ.

ಕಾವಲುಗಾರನಿಗೆ ನಾನೇ ಚೀಟಿ ಕೊಟ್ಟು ಲಾರಿಗೆ ಒಳಗೆ ಜಾಗ ಮಾಡಿಸಿದೆ. ನಕ್ಷೆಯ ನಡುವೆ ನಮ್ಮ ಕಂಪನಿಯದೂ ಒಂದು ದೊಡ್ಡ ಚುಕ್ಕೆ ಇತ್ತು, ಎಲ್ಲರಿಗಿಂತ ಅಚ್ಚ ಹಸಿರು. ಮಾಲು ತರುವ ಯಾವ ಗಾಡಿಯೂ ಅಲ್ಲಿಂದ ಹೊರಡುತ್ತಿರಲಿಲ್ಲವಲ್ಲ. ಅದು ದಿನದಿಂದ ದಿನಕ್ಕೆ ಬಣ್ಣ ಬದಲಾಯಿಸುವುದನ್ನು ನೋಡುತ್ತ ನಾನು ಬಾಯಿ ಬಿಗಿಹಿಡಿದು ಕೂತೆ. ಕೆಲಸ ಹೋದರೆ ಹೋಗಲಿ ಎನ್ನುವ ಧೈರ್ಯ ಹಗಲು ಇರುತ್ತಿತ್ತು, ಮನೆಗೆ ಹೋಗಿ ಮಲಗಿದರೆ ತಿಂಗಳ ಖರ್ಚಿನ ಲೆಕ್ಕ ಹಾಕುತ್ತಿದ್ದೆ.

ದೊಡ್ಡ ಅಂಗಡಿಗಳವರು ಬೋರ್ಡು ನೋಡಲು ಬರುವ ದಿನ ಬೆಳಿಗ್ಗೆ ಮ್ಯಾನೇಜರ್ ಪರದೆಯ ಮುಂದೆ ನಿಂತು ಕಣ್ಣು ಕಣ್ಣು ಬಿಟ್ಟರು. ಸುತ್ತಲೂ ಹಸಿರು, ನಟ್ಟನಡುವೆ ನಮ್ಮ ಕಂಪನಿ ಕೆಂಪಗೆ.

"ಇದೇನಿದು? ನಾವ್ಯಾಕೆ ಕೆಂಪು?"

"ಲಾರಿ ನಮ್ಮ ಗೇಟಿಂದ ಹೊರಡುತ್ತೆ ಸಾರ್" ಎಂದೆ.

"ಹೊರಟ್ರೆ? ಅದರಲ್ಲಿ ಇರೋದು ಅವರ ಮಾಲು! ಅವರವರ ಪಾಲು ಅವರವರಿಗೆ ಹಾಕ್ಬೇಕು ತಾನೇ? ಇಷ್ಟೂ ಗೊತ್ತಾಗಲ್ವಾ ಇದಕ್ಕೆ?" ಅವರ ಧ್ವನಿ ಏರಿತು. ಆಮೇಲೆ ತಟ್ಟನೆ ನನ್ನ ಮುಖ ನೋಡಿದರು. ನಾನೂ ಅವರನ್ನೇ ನೋಡಿದೆ. ಈ ಮಾತನ್ನು ಹಿಂದೆ ನನ್ನ ಬಾಯಿಂದಲೇ ಕೇಳಿದ್ದು ಅವರಿಗೆ ನೆನಪಾಯಿತೋ ಇಲ್ಲವೋ, ಕಿವಿ ಮಾತ್ರ ಕೆಂಪಾಯಿತು.

"ಸರಿ ಮಾಡ್ರಿ ಇದನ್ನ" ಎಂದರು ಮೇಷ್ಟ್ರಿಗೆ.

"ಅರ್ಧ ಗಂಟೆ ಕೊಡಿ ಸಾರ್" ಎಂದರು ಮೇಷ್ಟ್ರು.

ಅರ್ಧ ಗಂಟೆ! ನನ್ನ ಅಕ್ಕನಿಗೆ ಮುಂದಿನ ವರ್ಷ, ಇವರಿಗೆ ಅರ್ಧ ಗಂಟೆ. ಆ ಕೋಲು ಕಿತ್ತುಕೊಂಡು ಎರಡು ಬಾರಿಸೋಣ ಎನ್ನಿಸಿತು. ಬಂದವರು ಬಾಗಿಲಲ್ಲಿದ್ದರು, ಅದಕ್ಕೆ ಬಿಟ್ಟೆ.

ಅಂದಿನಿಂದ ಬೋರ್ಡು ಲಾರಿಯ ಹೊಗೆಯನ್ನು ಮಾಲು ಹೇರಿದ ಮೂವರಿಗೂ ಹಂಚತೊಡಗಿತು. ಲಾರಿ ಮತ್ತೆ ಅಕ್ಕನ ಅಂಗಳಕ್ಕೆ ಬಂತು. ಲೇಬಲ್ ಮಾಮ ಟೆಂಪೊ ಮಾರಿ, ಬೆಳಗಿನ ಚಹಾಕ್ಕೆ ಹಾಜರಾದರು. ಮುಚ್ಚಳದಣ್ಣ ಮೂಟೆಗಳನ್ನು ಲಾರಿಗೆ ಕೊಡುತ್ತಾನೆ, ಆದರೆ ಟೆಂಪೊ ಮಾರಿಲ್ಲ. ಅಂಗಳಕ್ಕೂ ಬರುವುದಿಲ್ಲ, ರೈಲ್ವೆ ಗೇಟಿನ ಬಳಿಯೇ ಕಾಯುತ್ತಾನೆ. ಅಕ್ಕ ಅವನ ಪಾಲಿನ ಚಹಾವನ್ನು ಫ್ಲಾಸ್ಕಿನಲ್ಲಿ ನಿಧಾನಣ್ಣನ ಕೈಗೆ ಕೊಟ್ಟು ಕಳಿಸುತ್ತಾಳೆ. ಫ್ಲಾಸ್ಕು ಖಾಲಿಯಾಗಿ ಬರುತ್ತದೆ, ಅದೇ ಸಮಾಧಾನ.

ಒಂದು ಭಾನುವಾರ ಶೆಡ್ಡಿಗೆ ಹೋದಾಗ ಮಟಮಟ ಮಧ್ಯಾಹ್ನ. ಅಕ್ಕ ಒಬ್ಬಳೇ ಬೆವರು ಸುರಿಸುತ್ತ ಡಬ್ಬ ಮಡಚುತ್ತಿದ್ದಳು.

"ಈಗ ನಾನು ಯಾವ ಬಣ್ಣ?" ಎಂದಳು, ತಲೆಯೆತ್ತದೆ.

"ಹಳದಿ."

"ಹಳದಿ ಅಂದ್ರೆ ಒಳ್ಳೇದಾ, ಕೆಟ್ಟದ್ದಾ?"

ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಒಳಗೆ ಒಂದು ಸುತ್ತು ಹಾಕಲು ಕಾಲೂ ಎದ್ದಿತ್ತು. ಆಮೇಲೆ ಅಲ್ಲೇ ರಟ್ಟಿನ ರಾಶಿಯ ಪಕ್ಕ ಕೂತೆ.

"ಗೊತ್ತಿಲ್ಲ ಅಕ್ಕ. ಆ ಬೋರ್ಡು ನನಗೆ ಮೊದಲಿಂದಲೂ ಅರ್ಥ ಆಗಿಲ್ಲ. ಕರೆಂಟು ಅಂತ ಹೇಳಿದ್ದೂ ಸುಮ್ನೆ. ಫ್ಯಾನಿಗೂ ಅದಕ್ಕೂ ಸಂಬಂಧವೇ ಇರ್ಲಿಲ್ಲ."

ಅಕ್ಕನ ಕೈ ನಿಂತಿತು. ಕತ್ತಿಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. ತಲೆಯ ಮೇಲೆ ಫ್ಯಾನಿನ ರೆಕ್ಕೆಗಳಲ್ಲಿ ಜೇಡ ಬಲೆ ಕಟ್ಟಿತ್ತು.

"ಗೊತ್ತಿಲ್ಲ ಅಂತ ಅವತ್ತೇ ಹೇಳಿದ್ರೆ" ಎಂದಳು, "ಈ ಬೇಸಿಗೆಯೆಲ್ಲ ಫ್ಯಾನಾದ್ರೂ ಹಾಕ್ಕೊಂಡಿರ್ತಿದ್ದೆನಲ್ಲೇ."